ಒಂದು ಪಾವು ತುಂಬೆ ಹೂವು

ಪಿಳ್ಳಮ್ಮಜ್ಜಿಯನ್ನು ನಾನು ಮೊದಲು ನೋಡಿದ್ದು ಒಂದು ಬೋರ್ಡಿನ ಕೆಳಗೆ. ‘ಅತಿಕ್ರಮ ಪ್ರವೇಶ ಮಾಡುವವರ ಮೇಲೆ ಕಾನೂನು ಕ್ರಮ ಕೈಗೊಳ್ಳಲಾಗುವುದು’ ಎಂಬ ಕೆಂಪಕ್ಷರಗಳ ಅಡಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಯಾವ ಅವಸರವೂ ಇಲ್ಲದೆ, ಅತಿಕ್ರಮ ಪ್ರವೇಶ ಮಾಡಿದ್ದರು. ಎದುರಿಗೆ ಅಂಚು ಸವೆದ ಹಿತ್ತಾಳೆಯ ಪಾವು. ಸುತ್ತ ಮೊಣಕಾಲೆತ್ತರದ ತುಂಬೆ ಗಿಡಗಳು. ಅಕ್ಕಿಕಾಳಿಗಿಂತ ತುಸು ದೊಡ್ಡದಿರುವ ಆ ಬಿಳಿ ಹೂವನ್ನು ಒಂದೊಂದಾಗಿ ಎಳೆದು ಪಾವಿಗೆ ಹಾಕುತ್ತಿದ್ದರು.

ನಾವು ವಿದ್ಯಾರಣ್ಯಪುರಕ್ಕೆ ಮನೆ ಕಟ್ಟಿಕೊಂಡು ಬಂದ ವರ್ಷ ಅದು, ಎರಡು ಸಾವಿರದ ಎಂಟು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದವು. ಪಾಠ ಮಾಡಲು ಸ್ಕೂಲಿಗೆ ಹೊರಟಿದ್ದ ನನ್ನನ್ನು ಅಜ್ಜಿ ಕೈಯೆತ್ತಿ ನಿಲ್ಲಿಸಿದರು.

“ಅವ್ವಾ, ಓದಕ್ಕೆ ಬತ್ತದಾ? ಈ ಬೋಲ್ಡಲ್ಲಿ ಯಾರ ಎಸ್ರೈತೆ ಏಳು.”

ಸೈಟು ಲಪಟಾಯಿಸುವವರು ಹೀಗೆ ವಯಸ್ಸಾದವರನ್ನು ಮುಂದೆ ಬಿಟ್ಟು ವಿಚಾರಿಸುತ್ತಾರೆಂದು ಯಾರೋ ಹೇಳಿದ್ದು ನೆನಪಾಯಿತು. ಹೊಸದಾಗಿ ಮನೆ ಕಟ್ಟಿದವರಿಗೆ ಎಲ್ಲರೂ ಕಳ್ಳರೇ. “ಯಾಕಜ್ಜಿ, ಅವರ ಹೆಸರು ಕಟ್ಟಿಕೊಂಡು ನಿಮಗೇನು?” ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ.

“ಊವ ಇವ್ರ ನೆಲದ್ದಲ್ವಾ? ಅರ್ಚನೇಲಿ ಇವ್ರೆಸ್ರು ಏಳ್ಬೇಡ್ವಾ ಮತ್ತೆ?”

ಕಾರ್ತಿಕ ಮಾಸದ ಪ್ರತಿ ಸೋಮವಾರ ಊರಿನ ಈಶ್ವರನಿಗೆ ಒಂದು ಪಾವು ತುಂಬೆ ಹೂವು. ಪಾವಿಗೆ ಒಂದು ಹೂವೂ ಕಡಿಮೆಯಾಗಬಾರದು, ಮಧ್ಯಾಹ್ನದ ಮಂಗಳಾರತಿ ತಪ್ಪಬಾರದು. ಅತ್ತೆಯ ಕಾಲದಿಂದ ಬಂದ ನೇಮ, ಪಾವೂ ಅತ್ತೆಯದೇ. ಯಾಕೆ ಈ ಹರಕೆ ಎಂದು ಕೇಳಿದರೆ, “ನಮ್ಮತ್ತೇನ ಕೇಳೋ ಧೈರ್ಯ ನಂಗೆಲ್ಲಿತ್ತು?” ಎನ್ನುತ್ತಿದ್ದರು. ಜೊತೆಗೆ ಒಂದು ಷರತ್ತು: ಹೂವು ಯಾರ ನೆಲದಲ್ಲಿ ಸಿಕ್ಕಿತೋ ಅರ್ಚನೆ ಅವರ ಹೆಸರಿಗೇ ಆಗಬೇಕು. ಮುಖವನ್ನೇ ನೋಡಿರದ ಯಾರು ಯಾರದೋ ಹೆಸರನ್ನು ಅಜ್ಜಿ ಬೋರ್ಡಿನಿಂದ ಓದಿಸಿಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಗುಡಿಗೆ ಹೋಗುತ್ತಿದ್ದರು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಸೈಟಿನ ಮಾಲೀಕರಿಗೆ ತಮ್ಮ ಹೆಸರಲ್ಲಿ ಇಲ್ಲಿ ಪೂಜೆ ನಡೆಯುತ್ತಿದೆಯೆಂಬುದು ಕನಸಿನಲ್ಲೂ ಗೊತ್ತಿರಲಿಕ್ಕಿಲ್ಲ.

ಆ ದಿನದಿಂದ ನಾನು ಅವರ ಖಾಯಂ ಓದುಗಾರ್ತಿಯಾದೆ. ಒಂದು ಸಲ ಸೈಟಿನ ಮೇಲೆ ಮನುಷ್ಯರ ಹೆಸರೇ ಇರಲಿಲ್ಲ, ಯಾವುದೋ ಡೆವಲಪರ್ಸ್ ಕಂಪನಿಯ ಬೋರ್ಡು. ರಜೆಯಿದ್ದುದರಿಂದ ನಾನೂ ಗುಡಿಗೆ ಹೋಗಿದ್ದೆ. ಅರ್ಚಕರು ಮಂತ್ರ ನಿಲ್ಲಿಸಿ, “ಕಂಪನಿಗೆ ಯಾವ ನಕ್ಷತ್ರ ಅಂತ ಹೇಳ್ಲಿ ಅಜ್ಜಿ?” ಎಂದರು. ಅಜ್ಜಿಗೆ ನಗು ಬರಲಿಲ್ಲ. “ಅಲ್ಲಿ ಗಾರೆ ಕಲ್ಸೋರು, ಇಟ್ಗೆ ಒರೋರು ಇರಲ್ವಾ ಸ್ವಾಮಿ? ಅವ್ರೆಲ್ಲಾರ ನಕ್ಷತ್ರಾನೂ ಸೇರ್ಸಿ ಏಳಿ.” ಅರ್ಚಕರು ಒಂದು ಕ್ಷಣ ಅವರನ್ನೇ ನೋಡಿ, ಸಮಸ್ತರ ಹೆಸರಿನಲ್ಲಿ ಅರ್ಚನೆ ಮಾಡಿದರು.

ಅಜ್ಜಿ ಇದೇ ನೆಲದವರು ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಹೂ ಕೊಯ್ದಾದ ಮೇಲೆ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು, ಸೆರಗಿನಲ್ಲಿ ಸೇರಿಕೊಂಡ ಕಸ, ಒಣಗಿದ ತುಂಬೆ ತೆನೆ ಎಲ್ಲವನ್ನೂ ಕೊಡವಿ, ಒಂದು ಲೋಟ ಕಾಫಿ ಕುಡಿದು ಹೋಗುವುದು ರೂಢಿಯಾಗಿತ್ತು. ಹಾಗೆ ಒಂದು ದಿನ ನಮ್ಮ ಗೇಟಿನಾಚೆ ಬೀದಿಯ ಕೊನೆಗೆ ಬೆರಳು ಮಾಡಿ, “ಅಲ್ಲೊಂದು ಬೇವಿನ್ ಮರ ಇತ್ತು. ಅಲ್ಲಿಂದ ನಿನ್ನ ಅಡ್ಗೆಮನೆಗಂಟ ನಮ್ ರಾಗಿ ವಲ” ಎಂದರು. ಕಾಫಿಗೆ ಸಕ್ಕರೆ ಕಡಿಮೆಯಾಯಿತು ಎನ್ನುವಷ್ಟೇ ಸಹಜವಾಗಿ. ಲೇಔಟು ಆಗುವಾಗ ಹೋದ ಹೊಲ. ನನಗೆ ಕೂತ ಮೆಟ್ಟಿಲೇ ಚುಚ್ಚಿದಂತಾಯಿತು. ಒಂದು ಕಾಲಕ್ಕೆ ತಮ್ಮದಾಗಿದ್ದ ನೆಲದಲ್ಲಿ ಹೂ ಕೊಯ್ದು, ಈಗ ಅದು ಯಾರ ಪಾಲಾಯಿತೋ ಅವರ ಹೆಸರಿಗೆ ಅರ್ಚನೆ ಮಾಡಿಸುತ್ತಿದ್ದ ಆ ಮನಸ್ಸು ಎಂಥದು! ನಾನಾಗಿದ್ದರೆ ಆ ಬೋರ್ಡುಗಳಿಗೆ ದಿನಾ ಶಾಪ ಹಾಕುತ್ತಿದ್ದೆ.

ನಮ್ಮ ಕಾಂಪೌಂಡಿಗೂ ಮನೆಯ ಗೋಡೆಗೂ ನಡುವೆ ನಾಲ್ಕಡಿ ಅಗಲದ ಒಂದು ಪಟ್ಟಿ ನೆಲ ಉಳಿದಿತ್ತು. ಅಲ್ಲಿ ಕಾಮಕಸ್ತೂರಿ ಹಾಕಲೋ, ತುಂಬೆ ಹಾಕಲೋ ಎಂದು ನನಗೆ ಎರಡು ವರ್ಷ ತೀರ್ಮಾನವಾಗಲಿಲ್ಲ. ಕಾಮಕಸ್ತೂರಿಯಾದರೆ ಕಿಟಕಿ ತೆರೆದರೆ ಘಮ, ಮೆಟ್ಟಿಲು ಮೆಟ್ಟಿಲಾಗಿ ಏರುವ ಹೂತೆನೆ, ಬೇಸಿಗೆಯಲ್ಲಿ ಪಾನಕಕ್ಕೆ ಬೀಜ. ತುಂಬೆಯಾದರೆ ಅಜ್ಜಿಗೆ ಅನುಕೂಲ. ಅಷ್ಟರಲ್ಲಿ ಸೈಟುಗಳು ಒಂದೊಂದೇ ಮನೆಗಳಾಗಿ, ಪಾವು ತುಂಬಿಸಲು ಅವರು ಮೂರು ನಾಲ್ಕು ಬೀದಿ ಅಲೆಯುತ್ತಿದ್ದುದನ್ನು ನಾನು ಕಂಡಿದ್ದೆ. ಕೊನೆಗೆ ಅವರನ್ನೇ ಕೇಳಿದೆ. ಜೀವಶಾಸ್ತ್ರದ ಟೀಚರಲ್ಲವೇ, ಎರಡು ಗಿಡದ ಕಡ್ಡಿಯನ್ನೂ ಮುರಿದು ತಂದು, “ನೋಡಿ ಅಜ್ಜಿ, ಎರಡೂ ಪುದೀನದ ಬಳಗದವು” ಎಂದು ಪಾಠ ಶುರುಮಾಡಿದೆ.

ಅವರು ಕಡ್ಡಿಗಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಉರುಳಿಸಿದರು. “ಊಂ, ಎರಡ್ರದ್ದೂ ಚೌಕದ ಕಡ್ಡಿ. ದುಂಡ್ಗಿರಲ್ಲ. ಚಿಕ್ಕ ಉಡ್ಗೀಲೇ ಗೊತ್ತು ನಂಗೆ” ಎಂದರು. ನನ್ನ ಮೂರು ವರ್ಷದ ಡಿಗ್ರಿ ಅವರ ಎರಡು ಬೆರಳ ನಡುವೆ ಉರುಳಿಹೋಯಿತು.

“ಹಾಗಾದ್ರೆ ಯಾವುದು ಹಾಕ್ಲಿ?”

“ಕಾಮಕಸ್ತೂರಿ ಆಕು.”

“ನಿಮಗೆ ತುಂಬೆ ಬೇಕಲ್ಲ ಅಜ್ಜಿ?”

“ನೀನು ಕೇಳಿದ್ದು ನಿನ್ನ ಮನೇಗೆ. ನನ್ನ ನೇಮಕ್ಕಲ್ಲ” ಎಂದು ಲೋಟ ತೊಳೆದಿಟ್ಟು ಎದ್ದರು.

ಹಾಗಾಗಿ ಕಾಮಕಸ್ತೂರಿ ಹಾಕಿದೆ. ಚೆನ್ನಾಗಿಯೇ ಬಂತು. ಆದರೆ ನಾಲ್ಕು ವರ್ಷ ಕಳೆದ ಮೇಲೆ ಒಂದು ಕಾರ್ತಿಕ ಸೋಮವಾರ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಯಲಹಂಕದ ಕಡೆಯ ರಸ್ತೆಬದಿಯ ಧೂಳಿನಲ್ಲಿ ಅಜ್ಜಿ ಪಾವು ಹಿಡಿದು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಎಪ್ಪತ್ತು ದಾಟಿದ ಕಾಲುಗಳು. ಆ ದಿನ ನನಗೆ ಊಟ ಸೇರಲಿಲ್ಲ. ಮುಂದಿನ ಮಳೆಗಾಲದಲ್ಲಿ ಅರ್ಧ ಕಾಮಕಸ್ತೂರಿ ಕಿತ್ತು, ನೆಲ ಅಗೆದು, ಕೊಟ್ಟಿಗೆ ಗೊಬ್ಬರ ಹಾಕಿ, ಸಾಲು ಹಿಡಿದು ತುಂಬೆ ಹಚ್ಚಿದೆ. ದಿನಾ ನೀರು. ಗಿಡಗಳು ದಪ್ಪಗೆ, ಎಲೆಯೆಲ್ಲ ಹಸಿರಾಗಿ ಸೊಕ್ಕಿದವು. ಹೂವು ಮಾತ್ರ ಅಲ್ಲೊಂದು ಇಲ್ಲೊಂದು. ಆದರೂ ಹೆಮ್ಮೆಯಿಂದ ಅಜ್ಜಿಯನ್ನು ಕರೆತಂದು ತೋರಿಸಿದೆ.

ಬಹಳ ಹೊತ್ತು ನೋಡಿದರು. ಕೈ ಚಾಚಲಿಲ್ಲ.

“ಇದು ನೀನು ಸಾಕಿದ್ದು ಕಣವ್ವ. ಆ ಈಸ್ವರನ್ಗೆ ಯಾರೂ ಸಾಕ್ದೆ ಬಂದಿದ್ದಾಗ್ಬೇಕು. ತುಂಬೆ ನೆಡೋದಲ್ಲ, ಬಿಡೋದು.”

ನನಗೆ ಕೋಪ ಬಂತು. ಮುಖ ಊದಿಸಿಕೊಂಡೆ. ಅಜ್ಜಿ ನನ್ನ ಗಲ್ಲ ಹಿಡಿದು, “ಈ ಅರ್ಧ ಜಾಗ ಅಗೀಬ್ಯಾಡ, ನೀರಾಕ್ಬ್ಯಾಡ, ಕಿತ್ತಾಕ್ಬ್ಯಾಡ. ಸುಮ್ಕೆ ಇರು” ಎಂದರು. ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ಗೊತ್ತಾಯಿತು. ಸಾಕಿದ ತುಂಬೆ ಒಣಗಿತು, ಗರಿಕೆ ಬಂತು, ಪಾರ್ಥೇನಿಯಂ ಬಂತು. ಬಂದವರೆಲ್ಲ, “ಇದೇನ್ರೀ ಟೀಚರೇ, ಅರ್ಧ ತೋಟ, ಅರ್ಧ ಕಾಡು?” ಎಂದು ನಕ್ಕರು. ಮೂರನೆಯ ಮಳೆಗಾಲದ ಕೊನೆಗೆ ಒಂದು ಬೆಳಿಗ್ಗೆ ನೋಡಿದರೆ ಆ ಕಾಡಿನ ತುಂಬ ತುಂಬೆ. ಅಜ್ಜಿ ವರ್ಷಗಟ್ಟಲೆ ಮೆಟ್ಟಿಲ ಮೇಲೆ ಕೂತು ಸೆರಗು ಕೊಡವಿದ್ದ ದಿಕ್ಕಿನಲ್ಲೇ ಅವು ಒತ್ತಾಗಿದ್ದವು. ಸಣಕಲು ಗಿಡಗಳು, ಮೈತುಂಬ ಬಿಳಿ ಹೂವು. ನಾನು ಟೀಚರು ಎಂಬುದನ್ನೇ ಮರೆತು ಬಾಯಿಬಿಟ್ಟುಕೊಂಡು ನಿಂತೆ.

ಓಡಿಹೋಗಿ ಹೇಳೋಣವೆಂದರೆ, ಅಜ್ಜಿ ಹಾಸಿಗೆ ಹಿಡಿದಿದ್ದರು. ಅದು ಎರಡು ಸಾವಿರದ ಹದಿನೆಂಟರ ಕಾರ್ತಿಕ. ಕೊನೆಯ ಸೋಮವಾರ ಬೆಳಿಗ್ಗೆ ಅವರ ಮಗಳು ಬಂದು ಪಾವನ್ನು ನನ್ನ ಕೈಗಿಟ್ಟು, “ನಿಮ್ಗೆ ಕೊಡು ಅಂದ್ರು. ನಿನ್ನೆಯಿಂದ ಅದೇ ಚಿಂತೆ, ಅನ್ನಾನೂ ತಿಂದಿಲ್ಲ” ಎಂದಳು.

ಸ್ಕೂಲಿಗೆ ರಜೆ ಹಾಕಿ ನಮ್ಮ ಮನೆಯ ಆ ತುಂಬೆಯ ನಡುವೆ ಕುಕ್ಕರಗಾಲಲ್ಲಿ ಕೂತೆ. ಹನ್ನೊಂದು ಗಂಟೆಯಾದರೂ ಪಾವು ಮುಕ್ಕಾಲೇ. ಬೆನ್ನು ಹಿಡಿದುಕೊಂಡಿತು, ಬೆರಳು ಜೋಮು ಹಿಡಿಯಿತು. ಇದನ್ನು ಒಂದು ಜೀವ ಐವತ್ತು ವರ್ಷ ಮಾಡಿತ್ತಲ್ಲ ಎನ್ನಿಸಿ ಕಣ್ಣು ಮಂಜಾಯಿತು. ಅಂಚಿಗೆ ಹೂವು ಮುಟ್ಟಿದ ಕೂಡಲೇ ಗುಡಿಗೆ ಓಡಿದೆ. ಅರ್ಚಕರು ಆರತಿತಟ್ಟೆಗೆ ಕರ್ಪೂರ ಇಡುತ್ತಿದ್ದರು.

“ಯಾರ ಹೆಸರಿಗಮ್ಮ?”

“ಪಿಳ್ಳಮ್ಮ.”

ಅರ್ಚಕರು ತಲೆಯೆತ್ತಿದರು. “ಅಜ್ಜಿ ಹೆಸರು ಹೇಳಂಗಿಲ್ವಲ್ಲಮ್ಮ? ನೆಲ ಯಾರದ್ದೋ ಅವರದ್ದೇ ಹೇಳ್ಬೇಕು ಅಂತಿದ್ರು.”

“ನೆಲದವರದ್ದೇ ಹೇಳಿದ್ದು” ಎಂದೆ.

ಪ್ರಸಾದದ ಜೊತೆ ಒಂದು ಕುಡಿ ಕಾಮಕಸ್ತೂರಿಯನ್ನೂ ತೆಗೆದುಕೊಂಡು ಅವರ ಮನೆಗೆ ಹೋದೆ. ವಿಭೂತಿ ಹಚ್ಚಿಸಿಕೊಂಡು, ಅಜ್ಜಿ ಮೊದಲು ಕೇಳಿದ್ದು ಪಾವು ತುಂಬಿತೇ ಎಂದು. ಆಮೇಲೆ, “ಯಾರೆಸ್ರು ಏಳ್ದೆ? ನಿಂದಾ?”

“ಇಲ್ಲ ಅಜ್ಜಿ. ನಿಮ್ಮದು. ಬೇವಿನ ಮರದಿಂದ ನನ್ನ ಅಡುಗೆಮನೆವರೆಗೂ ನಿಮ್ಮದೇ ಅಲ್ವಾ?”

ಬೈಯುತ್ತಾರೆ ಅಂದುಕೊಂಡಿದ್ದೆ. ಸೂರಿನ ಕಡೆ ನೋಡಿದರು. ಕಣ್ಣಂಚಿನಿಂದ ನೀರಿಳಿದು ಕಿವಿಗೆ ಹೋಯಿತು. ಕಾಮಕಸ್ತೂರಿಯನ್ನು ಮೂಗಿಗೆ ಹಿಡಿದು ದೀರ್ಘವಾಗಿ ಎಳೆದುಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ಬೊಚ್ಚುಬಾಯಲ್ಲಿ ನಕ್ಕುಬಿಟ್ಟರು.

“ಇಷ್ಟು ವರ್ಸ ನನ್ನೆಸ್ರು ಅವನ್ ಕಿವೀಗೆ ಬೀಳ್ದಂಗೆ ನೋಡ್ಕಂಡಿದ್ದೆ ಕಣವ್ವ. ಈಗ ಗೊತ್ತಾಯ್ತು ಅವನ್ಗೆ. ಇನ್ನು ಕರೀತಾನೆ ಬಿಡು.”

ಸಂಕ್ರಾಂತಿಗೆ ಮುಂಚೆಯೇ ಕರೆದುಬಿಟ್ಟ. ಪಾವು ನಮ್ಮ ಮನೆಯಲ್ಲೇ ಉಳಿದಿದೆ. ಅವರ ಮಗಳು ಕೇಳಲಿಲ್ಲ, ನಾನೂ ಕೊಡಲಿಲ್ಲ.