ಗುದ್ದಮ್ಮನ ಸಿಟ್ಟು ಒಂದೂವರೆ ಬೆರಳು

ಆಕೆಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದನ್ನು ಹಿಡಿದು ಕರೆದರೆ ಆಕೆಯೇ ತಿರುಗಿ ನೋಡುವುದು ಅನುಮಾನ. ರತ್ನಗಂಬಳಿ ನೇಯುವ ಆ ಉದ್ದನೆಯ ಶೆಡ್ಡಿನಲ್ಲಿ, ಅದರ ಹಿಂದಿನ ಓಣಿಯಲ್ಲಿ, ಮೂಲೆಯ ಸೈಕಲ್ ರಿಪೇರಿಯವನ ಬಾಯಲ್ಲಿ, ಕಡೆಗೆ ಕಟ್ಟಿಕೊಂಡ ಗಂಡನ ಬಾಯಲ್ಲೂ ಆಕೆ ಗುದ್ದಮ್ಮ. ಯಾರಿಗೋ ಗುದ್ದಿ ಸಂಪಾದಿಸಿದ ಹೆಸರಲ್ಲ. ಒಂದು ಸಾಲು ಉಣ್ಣೆಯ ಗಂಟು ಹಾಕಿ ಮುಗಿಸಿದ ಮೇಲೆ ಅಡ್ಡಕ್ಕೆ ಹೊಕ್ಕಿನ ನೂಲು ಎಳೆದು, ಕಬ್ಬಿಣದ ಹಲ್ಲಿನ ಬಾಚಣಿಗೆಯಿಂದ ಅದನ್ನು ಕೆಳಕ್ಕೆ ಬಡಿದು ಕೂರಿಸಬೇಕು. ಬೇರೆಯವರು ಬಡಿಯುತ್ತಾರೆ, ಈಕೆ ಗುದ್ದುತ್ತಾಳೆ. ಹನ್ನೆರಡು ಮಗ್ಗಗಳ ಗಲಾಟೆಯ ನಡುವೆ ಈಕೆಯ ಸದ್ದು ಯಾವುದೆಂದು ಬಾಗಿಲಲ್ಲಿ ನಿಂತ ಹೊಸಬರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಿಟ್ಟು ಆಕೆಗೆ ಮೂಗಿನ ತುದಿಯಲ್ಲಿ. ನಗು ಅದರ ಕೆಳಗೇ ಇತ್ತಾದ್ದರಿಂದ ಮನೆಯವರು ಹೇಗೋ ಬದುಕಿದ್ದರು.

ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾಗಿ ಬಂದವಳನ್ನು ಮಗ್ಗದ ಹಲಗೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಗಂಟು ಹಾಕಲು ಕಲಿಸಿದವಳು ಓರಗಿತ್ತಿ. ಗಂಡನ ಅಣ್ಣನ ಹೆಂಡತಿ, ಹಾಗಾಗಿ ಬಾಯ್ತುಂಬಾ ಅಕ್ಕ. ಅಕ್ಕನದು ಮೆತ್ತನೆಯ ಕೈ. ಮಲಗಿದ ಮಗುವನ್ನು ತಟ್ಟಿದ ಹಾಗೆ ನೂಲನ್ನು ತಟ್ಟುವವಳು. ಇಬ್ಬರೂ ಒಂದೇ ಗಂಬಳಿಯ ಅರ್ಧರ್ಧ ನೇಯಬೇಕು, ಇಬ್ಬರದೂ ಅಷ್ಟೇ ಸಾಲು. ಆದರೆ ಗುದ್ದಮ್ಮನ ಕಡೆಯ ಸಾಲುಗಳು ಬಿಗಿದು ಕೆಳಗೆ ಕೂತರೆ ಅಕ್ಕನ ಕಡೆಯವು ಆರಾಮವಾಗಿ ಮೇಲೆ ನಿಂತವು. ಮೊದಲ ತಿಂಗಳಲ್ಲೇ ಗಂಬಳಿ ಒಂದು ಕಡೆ ವಾಲಿತು. ಎಲ್ಲಿ ತನ್ನನ್ನು ಎಬ್ಬಿಸಿ ಕಳಿಸುತ್ತಾರೋ ಎಂದು ಹೊಸ ಹುಡುಗಿ ಬೆವರಿದಳು.

"ನಿನ್ನ ಕೈ ನೀನು ಬದಲಾಯಿಸ್ಕೋಬೇಡ, ನನ್ನ ಕೈ ನಾನೂ ಬದಲಾಯಿಸ್ಕೊಳ್ಳಲ್ಲ," ಎಂದಳು ಅಕ್ಕ. "ಜಾಗ ಬದಲಾಯಿಸ್ಕೊಳ್ಳೋಣ, ಮುಗೀತು."

ಅಂದಿನಿಂದ ಪ್ರತಿ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟ ಮೇಲೆ ಎಡಗಡೆಯವಳು ಬಲಕ್ಕೆ, ಬಲಗಡೆಯವಳು ಎಡಕ್ಕೆ. ಬೆಳಿಗ್ಗೆ ಬಿಗಿಯಾದ ಕಡೆ ಮಧ್ಯಾಹ್ನ ಸಡಿಲ, ಸಡಿಲವಾದ ಕಡೆ ಬಿಗಿ. ಹೀಗೆ ಇಪ್ಪತ್ತೆಂಟು ವರ್ಷ. ಅವರ ಗಂಬಳಿಗಳ ಅಂಚು ಗೆರೆ ಎಳೆದಷ್ಟು ನೇರ ಎಂದು ಶೆಡ್ಡಿನಲ್ಲಿ ಹೆಸರಾಯಿತು. ಮಕ್ಕಳು ಹುಟ್ಟಿದವು, ಮಾವ ತೀರಿಕೊಂಡರು, ಶೆಡ್ಡಿನ ತಗಡು ಎರಡು ಸಲ ಬದಲಾಯಿತು, ಇವರ ಜಾಗ ಮಾತ್ರ ದಿನಾ ಬದಲಾಯಿತು.

ಇನ್ನೊಂದು ಸಂಗತಿ ಇವರಿಬ್ಬರ ನಡುವೆ ಮಾತ್ರ ಇತ್ತು. ಆ ಮೊದಲ ತಿಂಗಳಲ್ಲೇ ಗುದ್ದಮ್ಮ ಚಹಾ ಕುಡಿದು ಬಂದವಳು ನಕ್ಷೆಯ ಕಾಗದವನ್ನು ತಲೆಕೆಳಗಾಗಿ ಸಿಕ್ಕಿಸಿಕೊಂಡು, ಬಹಳ ಶ್ರದ್ಧೆಯಿಂದ, ಕಾಲು ಮೇಲೆ ಮಾಡಿದ ಒಂದು ಹಕ್ಕಿಯನ್ನು ನೇಯ್ದಿಟ್ಟಿದ್ದಳು. ಅದನ್ನು ನೋಡಿದವಳು ಅಕ್ಕ ಒಬ್ಬಳೇ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇವಳನ್ನು ಕರೆದುಕೊಂಡು ಬಂದು, ಮೇಸ್ತ್ರಿ ಬರುವಷ್ಟರಲ್ಲಿ ಆ ಹಕ್ಕಿಯನ್ನು ಗಂಟು ಗಂಟಾಗಿ ಬಿಚ್ಚಿ, ಉಣ್ಣೆಯ ತುಣುಕುಗಳನ್ನು ತನ್ನ ಡಬ್ಬಿಯೊಳಗೆ ಹಾಕಿಕೊಂಡು ಹೋಗಿದ್ದಳು.

ಆ ಹಕ್ಕಿ ಇಪ್ಪತ್ತೆಂಟು ವರ್ಷ ತೆಪ್ಪಗಿದ್ದು ಈಗ ಹಾರಿತು. ಗುದ್ದಮ್ಮನ ಮಗನಿಗೆ ಮದುವೆಯಾಗಿ ಸೊಸೆ ಮನೆಗೆ ಬಂದ ಹೊಸದು. ಬೀಗರು ಬಂದಿದ್ದರು. ಗುದ್ದಮ್ಮ ಸೊಸೆಯ ಮುಂದೆ ಸ್ವಲ್ಪ ಜಂಬ ಕೊಚ್ಚಿದಳು. "ನೋಡಮ್ಮ, ಇಷ್ಟು ವರ್ಷದಲ್ಲಿ ನಾನು ಹಾಕಿ ಬಿಚ್ಚಿದ ಗಂಟು ಅಂತ ಒಂದೂ ಇಲ್ಲ." ಅಕ್ಕ ಚಹಾದ ಲೋಟ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. ತಲೆಕೆಳಗಾದ ಹಕ್ಕಿಯ ಕಥೆ ಆಚೆ ಬಂತು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು, ಗಂಡ ನಕ್ಕ, ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಸೋಮವಾರ ಬೆಳಿಗ್ಗೆಗೆ ಶೆಡ್ಡಿಗೂ ಸುದ್ದಿ ಮುಟ್ಟಿತ್ತು.

"ಗುದ್ದಮ್ಮಾ, ಇವತ್ತು ಹಕ್ಕಿ ಯಾವ ಕಡೆ ಮುಖ ಮಾಡಿದೆ?" ಎಂದು ಎದುರು ಮಗ್ಗದವಳು ಕೇಳಿದಳು.

ಅಕ್ಕ ಸುಳ್ಳು ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಹೇಳಿದ್ದು ನಿಜ. ಅದಕ್ಕೇ ಗುದ್ದಮ್ಮನಿಗೆ ಉರಿದುಹೋಯಿತು. ಆಕೆ ಮಾತು ಬಿಟ್ಟಳು. ಮಧ್ಯಾಹ್ನ ಡಬ್ಬಿ ತೊಳೆದಿಟ್ಟು ಬಂದವಳು ತನ್ನ ಎಡಗಡೆಯ ಜಾಗದಲ್ಲೇ ಮತ್ತೆ ಕೂತುಬಿಟ್ಟಳು. ಅಕ್ಕ ಒಂದು ಗಳಿಗೆ ನಿಂತು ನೋಡಿದಳು. ಏಳು ಎನ್ನಲು ಹಿರಿತನ ಅಡ್ಡ ಬಂತೋ, ತಪ್ಪು ತನ್ನದೆಂಬ ಅಳುಕು ಅಡ್ಡ ಬಂತೋ, ಅವಳೂ ಬಲಕ್ಕೇ ಹೋಗಿ ಕೂತಳು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಒಂದೇ ಹಲಗೆ, ಎರಡು ಊದಿದ ಮುಖ.

ಮನುಷ್ಯರ ಸಿಟ್ಟು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ, ಅಳೆಯುವುದಕ್ಕಂತೂ ಸಿಗುವುದೇ ಇಲ್ಲ. ಇವರದು ಸಿಕ್ಕಿತು. ಮೂರನೆಯ ಶನಿವಾರ ಮೇಸ್ತ್ರಿ ಎಂದಿನಂತೆ ಪ್ರತಿ ಮಗ್ಗಕ್ಕೂ ಅಳತೆ ಪಟ್ಟಿ ಹಿಡಿಯುತ್ತಾ ಬಂದವನು ಇವರ ಮುಂದೆ ನಿಂತು ಬೆರಳು ಅಡ್ಡ ಹಿಡಿದು ನೋಡಿದ. ಗುದ್ದಮ್ಮನ ಕಡೆ ಒಂದೂವರೆ ಬೆರಳು ಕೆಳಗಿತ್ತು.

"ಏನ್ರಮ್ಮಾ ಇದು? ನಿಮ್ಮ ಮಗ್ಗದಲ್ಲಿ ನಾನು ಪಟ್ಟಿ ಹಿಡಿಯೋದೇ ಸುಮ್ನೆ ಶಾಸ್ತ್ರಕ್ಕೆ," ಎಂದ. ಎದುರು ಮಗ್ಗದವಳು ಕೆಮ್ಮಿದಳು. ಮೇಸ್ತ್ರಿಗೆ ಎಲ್ಲ ಅರ್ಥವಾಯಿತು. "ಮುಂದಿನ ಶನಿವಾರದೊಳಗೆ ಸಮ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಒಬ್ಬರು ಈ ಮಗ್ಗ, ಒಬ್ಬರು ಆ ಕೊನೇ ಮಗ್ಗ."

ಗುದ್ದಮ್ಮ ಆ ಕೊನೆಯ ಮಗ್ಗದ ಕಡೆ ನೋಡಿದಳು. ತನ್ನ ಈ ರಟ್ಟೆಯ ಪಕ್ಕದಲ್ಲಿ ಕೂರಲು ಬೇರೆ ಯಾರೂ ಒಪ್ಪುವುದಿಲ್ಲ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಕ್ಕ ಪಕ್ಕದಲ್ಲಿಲ್ಲದೆ ಆಕೆ ಜೀವಮಾನದಲ್ಲಿ ಒಂದು ಸಾಲೂ ನೇಯ್ದಿರಲಿಲ್ಲ. ಭಾನುವಾರವಿಡೀ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ, ಆರಿಸಿದ ಕಲ್ಲನ್ನು ಅಕ್ಕಿಗೇ ಹಾಕುತ್ತಾ, ಯೋಚಿಸಿದಳು. ಏಳು, ಜಾಗ ಬದಲಾಯಿಸೋಣ ಎಂದು ಹೇಳಿದರೆ ಮುಗಿಯಿತು. ಆದರೆ ತಾನಾಗಿ ಬಾಯಿ ಬಿಡುವುದೆಂದರೆ ಆ ಹಕ್ಕಿಯನ್ನು ಒಪ್ಪಿಕೊಂಡ ಹಾಗೆ. ಕಡೆಗೆ ಒಂದು ಉಪಾಯ ಹೊಳೆಯಿತು. ಬಾಯಿ ಬಿಡದೆ ಕೈಯನ್ನೇ ಬದಲಾಯಿಸಿದರಾಯಿತು.

ಸೋಮವಾರದಿಂದ ಗುದ್ದಮ್ಮ ಗುದ್ದಲಿಲ್ಲ. ಬಾಚಣಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೂಲನ್ನು ಸವರಿದಳು. ಉಣ್ಣೆಯನ್ನು ಸಡಿಲಬಿಟ್ಟು ಗಂಟು ಹಾಕಿದಳು. ಎಡಗೈಯಲ್ಲಿ ಉಣ್ಣುವಷ್ಟು ಕಷ್ಟ. ಬಡಿಯಲು ಏಳುವ ತೋಳನ್ನು ತಡೆದು ತಡೆದು ಮಧ್ಯಾಹ್ನಕ್ಕೆಲ್ಲ ಭುಜ ನೋಯತೊಡಗಿತು. ಇಷ್ಟು ಸಾಲದ್ದಕ್ಕೆ ಬಲಗಡೆಯಿಂದ ಧಡ್ ಧಡ್ ಎಂದು ಸದ್ದು. ಮೆತ್ತನೆಯ ಕೈಯ ಅಕ್ಕ ಬಾಚಣಿಗೆ ಎತ್ತಿ ಎತ್ತಿ ಹಾಕುತ್ತಿದ್ದಳು.

ನನ್ನ ತಲೆ ಅಂತ ತಿಳ್ಕೊಂಡು ಬಡೀತಿದ್ದಾಳೆ, ಎಂದುಕೊಂಡಳು ಗುದ್ದಮ್ಮ. ಬೇಜಾರಾಯಿತು. ಇಷ್ಟೊಂದು ಕೋಪ ಇದ್ದವಳಿಗಾಗಿ ನಾನ್ಯಾಕೆ ಭುಜ ನೋಯಿಸಿಕೊಳ್ಳಲಿ ಎಂದೂ ಅನಿಸಿತು. ಆದರೂ ಸವರುವುದನ್ನು ಬಿಡಲಿಲ್ಲ. ಶೆಡ್ಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸದ್ದು ಎಡದಿಂದ ಬರಬೇಕಾದದ್ದು ಬಲದಿಂದ ಬರುತ್ತಿತ್ತು. ಬುಧವಾರ ಎದುರು ಮಗ್ಗದವಳು ಬಂದು ಗುದ್ದಮ್ಮನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಶನಿವಾರ ಮೇಸ್ತ್ರಿ ಪಟ್ಟಿ ಹಿಡಿದ. ತಲೆಯನ್ನು ಈ ಕಡೆ ವಾಲಿಸಿದ, ಆ ಕಡೆ ವಾಲಿಸಿದ. ಪಟ್ಟಿಯನ್ನು ತಿರುಗಿಸಿ ಮತ್ತೆ ಹಿಡಿದ. ಗಂಬಳಿ ಇನ್ನೂ ಸೊಟ್ಟಗೇ ಇತ್ತು. ಆದರೆ ಈಗ ಅಕ್ಕನ ಕಡೆ ಅರ್ಧ ಬೆರಳು ಕೆಳಗೆ.

"ಇದು ಯಾರ ಕೆಲಸ?" ಎಂದ.

"ನಾನೇ," ಎಂದರು ಇಬ್ಬರೂ ಒಟ್ಟಿಗೆ.

ಗುದ್ದಮ್ಮ ತಿರುಗಿ ನೋಡಿದಳು. ಇಷ್ಟು ದಿನದಲ್ಲಿ ಅದೇ ಮೊದಲು ಅಕ್ಕನ ಮುಖವನ್ನು ನೇರ ನೋಡಿದ್ದು. ಆಮೇಲೆ ಕಣ್ಣು ಅವಳ ಕೈಗೆ ಹೋಯಿತು. ಬಾಚಣಿಗೆ ಹಿಡಿದ ಅಂಗೈಯಲ್ಲಿ ಸಾಲಾಗಿ ಮೂರು ಬೊಬ್ಬೆ.

"ಕೈ ಬದಲಾಯಿಸ್ಕೋಬೇಡ ಅಂದೋಳು ನೀನೇ ಅಲ್ವೇನಕ್ಕಾ?"

"ನೀನೇನು ಕಡಿಮೆ? ಸೋಮವಾರದಿಂದ ನಿನ್ನ ಕಡೆ ಸದ್ದೇ ಇಲ್ಲ. ನಾನು ಹಾಗೆ ಹೇಳ್ಬಾರದಿತ್ತು, ಇವಳು ಮನಸ್ಸಿಗೆ ಹಚ್ಕೊಂಡು ಸೊರಗಿಹೋಗ್ತಿದ್ದಾಳೆ ಅಂದ್ಕೊಂಡೆ ಕಣೇ. ನಾನಾದ್ರೂ ಸಮ ಮಾಡೋಣ ಅಂತ ಇನ್ನೂ ಜೋರಾಗಿ ಬಡಿದೆ."

ಮೊದಲು ನಕ್ಕವನು ಮೇಸ್ತ್ರಿ. ಆಮೇಲೆ ಶೆಡ್ಡಿಗೆ ಶೆಡ್ಡೇ ನಕ್ಕಿತು. ಗುದ್ದಮ್ಮನಿಗೆ ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಅದರಲ್ಲಿ ಅರ್ಧ ನಗುವಿನದಲ್ಲ. ಮೇಸ್ತ್ರಿ ಪಟ್ಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. "ಜಗಳ ಆಡಿದ್ರೆ ಆ ಕಡೆ ಸೊಟ್ಟ, ರಾಜಿ ಆದ್ರೆ ಈ ಕಡೆ ಸೊಟ್ಟ. ನಿಮ್ಮನ್ನ ಬೇರೆ ಬೇರೆ ಕೂರಿಸಿದ್ರೆ ನನಗೆ ಎರಡು ಮಗ್ಗ ಹಾಳು. ಇನ್ನೂ ಒಂದು ಗೇಣು ನೇಯ್ಗೆ ಬಾಕಿ ಇದೆ, ಅದನ್ನ ಮೊದಲಿನ ಹಾಗೆ ನಿಮ್ಮ ನಿಮ್ಮ ಕೈಯಲ್ಲೇ ನೇಯಿರಿ. ಈ ಅರ್ಧ ಬೆರಳನ್ನ ತೊಳೆದು ಎಳೆದು ಕಟ್ಟುವಾಗ ನೋಡ್ಕೋತೀನಿ. ಏಳಿ, ಜಾಗ ಬದಲಾಯಿಸಿ."

ಊಟದ ಹೊತ್ತು ಇನ್ನೂ ಆಗಿರಲಿಲ್ಲ, ಆದರೂ ಎದ್ದರು. ಹಲಗೆಯ ಮೇಲೆ ಒಬ್ಬರನ್ನೊಬ್ಬರು ದಾಟುವಾಗ ಮೊಣಕಾಲಿಗೆ ಮೊಣಕಾಲು ತಾಗಿತು. ಗುದ್ದಮ್ಮ ಅಕ್ಕನ ಬೊಬ್ಬೆಯ ಕೈಗೆ ತನ್ನ ಕರವಸ್ತ್ರ ಸುತ್ತಿ ಗಂಟು ಹಾಕಿದಳು, ಎಷ್ಟು ಬಿಗಿಯಾಗಿ ಎಂದರೆ ಅಕ್ಕ ಅಯ್ಯೋ ಎಂದಳು.

"ಇನ್ನು ಹಕ್ಕಿ ವಿಷಯ ಎತ್ತಲ್ಲ, ಆಣೆ," ಎಂದಳು ಅಕ್ಕ ಮೆಲ್ಲಗೆ.

"ಯಾಕೆ ಎತ್ತಲ್ಲ? ನೀನು ಅರ್ಧ ಕಥೆ ಮಾತ್ರ ಹೇಳಿದ್ದೀಯ." ಗುದ್ದಮ್ಮ ಎದ್ದು ನಿಂತು ಶೆಡ್ಡಿನ ಕಡೆ ತಿರುಗಿದಳು. "ಕೇಳಿ ಎಲ್ಲಾ. ಹಕ್ಕೀನ ತಲೆಕೆಳಗೆ ನೇಯ್ದಿದ್ದು ನಾನೇ. ಮರುದಿನ ಬೆಳಕು ಹರಿಯೋಕೆ ಮೊದ್ಲೇ ಬಂದು, ನನ್ನ ಕೆಲಸ ಹೋಗಬಾರದು ಅಂತ ಅದರ ಒಂದೊಂದು ಗಂಟೂ ಬಿಚ್ಚಿದ್ದು ಇವಳು. ಇಷ್ಟು ವರ್ಷದಲ್ಲಿ ಅದನ್ನ ಯಾರ ಹತ್ರನೂ ಹೇಳ್ಕೊಂಡಿಲ್ಲ. ಬೀಗರ ಮುಂದೆ ಹೇಳುವಾಗಲೂ ತನ್ನ ಪಾಲು ನುಂಗ್ಕೊಂಡ್ಲು."

ಅಕ್ಕ ತಲೆ ತಗ್ಗಿಸಿ ಉಣ್ಣೆಯ ಉಂಡೆ ಹುಡುಕತೊಡಗಿದಳು. ಅದು ಅವಳ ಮಡಿಲಲ್ಲೇ ಇತ್ತು. ಎದುರು ಮಗ್ಗದವಳು ಈ ಸಲ ಕೆಮ್ಮಲಿಲ್ಲ. ಗುದ್ದಮ್ಮ ಬಲಗಡೆಯ ಜಾಗದಲ್ಲಿ ಕೂತು, ಹೊಕ್ಕಿನ ನೂಲು ಎಳೆದು, ಬಾಚಣಿಗೆ ಎತ್ತಿ ಗುದ್ದಿದಳು.