ಗಲ್ಲಿಯ ಕಡೆಯ ಹೊಸ್ತಿಲು

ಕಳೆದ ಏಪ್ರಿಲ್‌ನ ಮೊದಲ ಭಾನುವಾರ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ ಹಿತ್ತಿಲ ಕಡೆಯಿಂದ ನಡೆಯಿತು. ಮನೆ ಹೊಸದು ಅವಳಿಗೆ ಮಾತ್ರ. ಅಡಿಲೇಡ್‌ನ ಗುಡ್ಡಗಳಲ್ಲಿ, ಇಂಗ್ಲೆಂಡಿನಿಂದ ಬಂದವರು ತಮ್ಮ ಹಳ್ಳಿಯನ್ನೇ ನೆನೆದು ಕಟ್ಟಿಕೊಂಡ ಬೀದಿ ಅದು. ಒಂದು ತುದಿಗೆ ಕಲ್ಲಿನ ಚರ್ಚು, ಇನ್ನೊಂದು ತುದಿಗೆ ಪಬ್ಬು, ನಡುವೆ ತಲೆ ಬಗ್ಗಿಸಿ ನುಗ್ಗಬೇಕಾದ ಪುಟ್ಟ ಮನೆಗಳು. ಕಮ್ಮಾರನ ಕುಲುಮೆಯಲ್ಲಿ ಈಗ ಕಾಫಿ ಸಿಗುತ್ತದೆ. ಪರ್ತ್‌ನಲ್ಲಿ, ನಾನಿರುವ ಹ್ಯಾರಿಸ್‌ಡೇಲ್ ಎಂಬ ಹೊಸ ಬಡಾವಣೆಯಲ್ಲಿ, ನಮ್ಮ ರಸ್ತೆಯ ಅತಿ ಹಳೆಯ ವಸ್ತು ನನ್ನ ಕಾರು. ಹಾಗಾಗಿ ಹಿಂದಿನ ದಿನವೇ ಬಂದು ಬೀದಿಯನ್ನು ಎರಡು ಸುತ್ತು ನೋಡಿದ್ದೆ.

ತೊಡಕು ಬಾಗಿಲಿನದು. ಬೀದಿ ಬಾಗಿಲು ದಕ್ಷಿಣಕ್ಕಿತ್ತು. ಸರ್ಕಾರ ಸಂರಕ್ಷಿಸಿದ ಹಳೆಯ ಕಟ್ಟಡವಾದ್ದರಿಂದ ಬೀದಿಗೆ ಕಾಣುವ ಗೋಡೆಯನ್ನು ಮುಟ್ಟುವಂತಿಲ್ಲ. ಮೈಸೂರಿನಿಂದ ಬಂದಿದ್ದ ತಂಗಿಯ ಅತ್ತೆ, ಅದರಲ್ಲಿ ಕಾಲಿಡುವುದಿಲ್ಲ, ಬೇಕಾದರೆ ಊರಿಗೇ ಹೊರಡುತ್ತೇನೆ ಎಂದುಬಿಟ್ಟಿದ್ದರು. ಅವರು ಜೊತೆಗಿರಲಿ ಎಂದೇ ತಂಗಿ ಮೆಟ್ಟಿಲಿಲ್ಲದ ಈ ಮನೆಯನ್ನು ಹುಡುಕಿದ್ದಳು.

ಅವಳ ಗಂಡ ಎಂಜಿನಿಯರ್. "ಅಮ್ಮಾ, ಇಲ್ಲಿ ಸೂರ್ಯ ಉತ್ತರಕ್ಕೆ ವಾಲ್ತಾನೆ. ಎಲ್ಲಾ ತಿರುಗುಮುರುಗು. ಲೆಕ್ಕಕ್ಕೆ ಇದು ಉತ್ತರದ ಬಾಗಿಲೇ" ಎಂದ.

"ಹಾಗಾದ್ರೆ ಇಲ್ಲಿ ಯಮಾನೂ ಉತ್ತರದಿಂದ ಬರ್ತಾನೇನೋ? ಅವನಿಗೂ ಟ್ರಾನ್ಸ್‌ಫರ್ ಆಯ್ತಾ?"

"ಅಜ್ಜಿ, ಇಟ್ಸ್ ಜಸ್ಟ್ ಎ ಡೋರ್" ಎಂದಳು ಮೊಮ್ಮಗಳು.

"ಬರೀ ಬಾಗಿಲಂತೆ! ಹಾಗಾದ್ರೆ ನಿಮ್ಮಪ್ಪಂಗೆ ಕಿಟಕೀಲಿ ಹೋಗು ಅನ್ನು."

ಉಳಿದದ್ದು ಗಲ್ಲಿಗೆ ತೆರೆಯುವ ಹಿತ್ತಿಲ ಬಾಗಿಲು. ಅದು ಪೂರ್ವಕ್ಕಿತ್ತು. ಮಾವಿನೆಲೆ ಸಿಗದೆ ನಿಂಬೆ ಎಲೆಯ ತೋರಣ ಕಟ್ಟಿದೆವು. ಕಸದ ಡಬ್ಬಗಳನ್ನು ಆಚೆ ತಳ್ಳಿ ರಂಗೋಲಿ ಹಾಕಿದೆವು. ತಂಗಿ ಕಲಶ ಹಿಡಿದು ನಿಂತಳು. ಕೊನೇ ಗಳಿಗೆಯಲ್ಲಿ ಅತ್ತೆ ಕಾಲು ಹಿಂದಕ್ಕೆ ತೆಗೆದರು.

"ಹಿತ್ತಿಲಿಂದ ನುಗ್ಗೋಕೆ ನಾವೇನು ಕಳ್ಳರಾ?"

ಮುಹೂರ್ತ ಮೀರುತ್ತಿತ್ತು. ಆಗಲೇ ಗಲ್ಲಿಯ ತಿರುವಿನಲ್ಲಿ ಟೋಪಿ ಹಾಕಿದ ಒಂದು ಗುಂಪು ಕಾಣಿಸಿತು. ಪಕ್ಕದ ಮನೆಯ ಅಜ್ಜಿ ಪ್ರತಿ ಭಾನುವಾರ ಪ್ರವಾಸಿಗಳಿಗೆ ಊರಿನ ಹಳೆಯ ಕಟ್ಟಡಗಳನ್ನು ತೋರಿಸುತ್ತಾರೆ. ರಂಗೋಲಿ ನೋಡಿ ಗುಂಪು ನಿಂತಿತು, ಫೋನುಗಳು ಹೊರಬಂದವು. ನಾವೂ ಪ್ರೇಕ್ಷಣೀಯ ಸ್ಥಳವಾದೆವು.

ಏಕೆ ಒಳಗೆ ಹೋಗುತ್ತಿಲ್ಲ ಎಂದು ಪಕ್ಕದ ಮನೆಯಾಕೆ ಕೇಳಿದರು. ತಂಗಿ ಹೇಳಿದಳು. ಆಕೆ ನಕ್ಕರು. ಊರಿನ ಮೊದಲ ಗಾಡಿರಸ್ತೆ ಈ ಗಲ್ಲಿಯೇ ಆಗಿತ್ತಂತೆ, ಮನೆ ಕಟ್ಟಿದಾಗ ಇದೇ ಮುಂಬಾಗಿಲಂತೆ. ರಸ್ತೆ ಆ ಕಡೆಗೆ ಹೋದ ಮೇಲೆ ಗೋಡೆ ಒಡೆದು ಅಲ್ಲೊಂದು ಬಾಗಿಲು ಇಟ್ಟರಂತೆ. ತಂಗಿ ಅದನ್ನು ಕನ್ನಡದಲ್ಲಿ ಹೇಳಿದಳು.

"ನನ್ನ ಒಪ್ಪಿಸೋಕೆ ಇವರಿಗೆ ಹೇಳಿಕೊಟ್ಟಿದೀಯಾ?" ಎಂದು ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿದರು. ಆಮೇಲೆ ಸೀರೆ ಒತ್ತರಿಸಿಕೊಂಡು ಬಗ್ಗಿ ಹೊಸ್ತಿಲ ಕಲ್ಲಿನ ಮೇಲೆ ಅಂಗೈ ಎಳೆದರು. ಆ ಕಡೆ ಹೋಗಿ ಬೀದಿ ಬಾಗಿಲಿನ ಹೊಸ್ತಿಲನ್ನೂ ಮುಟ್ಟಿ ಬಂದರು.

"ಅದು ಚಪ್ಪಟೆ. ಇದು ನಡುವೆ ಸವೆದು ತಟ್ಟೆ ಥರಾ ಆಗಿದೆ. ಜನ ಓಡಾಡಿರೋದು ಇಲ್ಲೇ ಕಣೇ" ಎಂದರು. ಅರಿಶಿನ ಕುಂಕುಮ ಹಚ್ಚಿ ಬಲಗಾಲಿಟ್ಟರು. ಒಳಗೆ ಹಾಲು ಉಕ್ಕಿತು. ಗುಂಪಿಗೆಲ್ಲ ಕೇಸರಿಬಾತು ಕೊಟ್ಟೆವು.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಅತ್ತೆ ವಾಪಸ್ ಟಿಕೆಟನ್ನು ಮುಂದಕ್ಕೆ ಹಾಕಿಸಿದ್ದಾರೆ. ಭಾನುವಾರದ ಗುಂಪಿಗೆ ಹೊಸ್ತಿಲು ತೋರಿಸುವವರು ಈಗ ಅವರೇ, ಷೂ ಬಿಚ್ಚಿದವರಿಗೆ ಮಾತ್ರ.