ಎರಡು ಶ್ರಾವಣ ಬಂದ ವರ್ಷ

ನಮ್ಮವ್ವ ಸ್ಲೇಟು ಹಿಡಿದವಳಲ್ಲ. ಆದರೆ ಇವತ್ತು ಯಾವ ತಿಥಿ ಎಂದು ಕೇಳಿದರೆ ಪಂಚಾಂಗ ತೆಗೆಯುವಷ್ಟರಲ್ಲಿ ಹೇಳಿಬಿಡುತ್ತಿದ್ದಳು. ಇಂಗ್ಲಿಷ್ ತಿಂಗಳು ಸಂಬಳದವರಿಗೆ, ಅಮಾವಾಸ್ಯೆ ಹುಣ್ಣಿಮೆ ನಮಗೆ ಎನ್ನುವವಳು. ಮನೆಯಲ್ಲಿ ಸಂಬಳದವಳು ಅಂದರೆ ನಾನೊಬ್ಬಳೇ, ಚನ್ನಪಟ್ಟಣದಲ್ಲಿ ಪ್ರೈಮರಿ ಶಾಲೆಯ ಮೇಡಂ. ಅವ್ವ ತನ್ನ ಮುಪ್ಪನ್ನು ಅಮಾವಾಸ್ಯೆ ಹಿಡಿದು ಹಂಚಿಕೊಂಡಳು. ಅದನ್ನು ಕಾಗದದ ಮೇಲೆ ಬರೆದವಳು ನಾನು.

ಮರಳವಾಡಿ ಕಡೆಯ ನಮ್ಮ ಹೊಲಗಳು ಕೈಗಾರಿಕೆಗೆ ಹೋಗುತ್ತವೆ ಎಂದು ನೋಟಿಸು ಬಂದ ಕಾಲ ಅದು. ಅಪ್ಪ ತೀರಿಹೋಗಿದ್ದ. ಹೊಲ ಹೋಗುವ ಮೊದಲು ಪಾಲು ಆಗಿಬಿಡಲಿ ಎಂದು ಇಬ್ಬರು ಊರ ಯಜಮಾನರು ಬಂದು ಜಗಲಿಯ ಮೇಲೆ ಕೂತರು. ಇಬ್ಬರು ಅಣ್ಣಂದಿರು, ಒಬ್ಬ ತಮ್ಮ. ನನ್ನನ್ನು ಕರೆಸಿದ್ದು ಎರಡು ಕೆಲಸಕ್ಕೆ. ನನಗೇನೂ ಬೇಡ ಎಂದು ಸಹಿ ಹಾಕುವುದಕ್ಕೆ, ಆಮೇಲೆ ಅವರ ಪಾಲುಪಟ್ಟಿಯನ್ನು ಬರೆದುಕೊಡುವುದಕ್ಕೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಜನ, ಅಕ್ಷರ ದುಂಡಗಿದ್ದರೆ ಒಳಕ್ಕೆ ಕರೆಯುತ್ತಾರೆ ನೋಡಿ.

ಎಲ್ಲ ಬರೆದಾದ ಮೇಲೆ ಬಾಗಿಲ ಪಕ್ಕ ಕೂತಿದ್ದ ಅವ್ವ, "ನಂದೂ ಒಸಿ ಬರ್ಕೊಳ್ರಪ್ಪ" ಅಂದಳು. ಯಜಮಾನರು ನಕ್ಕರು. ಅವಳು ನಗಲಿಲ್ಲ.

"ನಮ್ಮತ್ತೇನ ತಿಂಗ್ಳಿಗೊಂದ್ ಮನೆ ಅಂತ ತಿರುಗಿಸಿದ್ರು. ಕೊನೇಗೆ ಆಯಮ್ಮ ಬಟ್ಟೆ ಗಂಟು ಬಿಚ್ಚೋದೇ ಬುಟ್ಬುಟ್ಳು. ನಂಗೆ ಆ ಪಾಡು ಬ್ಯಾಡ. ನಾಕ್ ನಾಕ್ ತಿಂಗ್ಳು ಮಾಡಿ. ಯುಗಾದಿಯಿಂದ ಭೀಮನ ಅಮಾಸೆ ಗಂಟ ದೊಡ್ಡೋನು. ಸ್ರಾವಣದಿಂದ ಕಾರ್ತೀಕದ ಅಮಾಸೆ ಗಂಟ ನಡ್ಲೋನು. ಅಲ್ಲಿಂದ ಯುಗಾದಿ ಗಂಟ ಚಿಕ್ಕೋನು. ಒಬ್ರಿಗೂ ಜಾಸ್ತಿ ಇಲ್ಲ, ಕಮ್ಮಿ ಇಲ್ಲ."

ಮೂವರೂ ಒಪ್ಪಿದರು. ಒಪ್ಪದೆ ಏನು, ಆಗ ಅವಳು ಗಟ್ಟಿಮುಟ್ಟಾಗಿದ್ದಳು. ಬೆಳಗಾಗುವುದರೊಳಗೆ ಕಸ ಬಳಿದು, ನೀರು ತುಂಬಿ, ರಾಗಿ ಮುದ್ದೆ ತಿರುವಿಡುವ ಮುದುಕಿ ಯಾರಿಗೆ ಬೇಡ? "ಊಟ, ಬಟ್ಟೆ ಕೊಟ್ಟು ನೋಡಿಕೊಳ್ಳತಕ್ಕದ್ದು" ಎಂದು ನಾನು ಬರೆಯುತ್ತಿದ್ದೆ. ಅಷ್ಟರಲ್ಲಿ ಅವ್ವ ನನ್ನ ಹತ್ತಿರಕ್ಕೆ ಜರುಗಿ, ನನಗೊಬ್ಬಳಿಗೇ ಕೇಳುವ ಹಾಗೆ ಮೆತ್ತಗೆ ಹೇಳಿದಳು.

"ಅದಿಕ ಮಾಸ ಬಂದ್ರೆ ಆ ತಿಂಗ್ಳು ಯಾರ್ದೂ ಅಲ್ಲ ಕಣವ್ವ. ಅದು ನಿಂದು. ನಿನ್ನ ಮನೇಲಿ ಬಂದಿರ್ತೀನಿ. ಬರ್ಕೊ."

ನಾನು ಬರೆಯಲಿಲ್ಲ. "ಬಂದಾಗ ನೋಡ್ಕೊಳ್ಳಾನ ಬುಡವ್ವ" ಎಂದು ನಕ್ಕು, ಪೂರ್ಣವಿರಾಮ ಇಟ್ಟು ಪೆನ್ನಿನ ಮುಚ್ಚಳ ಹಾಕಿದೆ. ನಿಜ ಹೇಳುತ್ತೇನೆ, ನನ್ನ ಹೊಟ್ಟೆ ಉರಿಯುತ್ತಿತ್ತು. ನಾನು ಹಾಕಿದ ಸಹಿಯ ಮಸಿ ಇನ್ನೂ ಆರಿರಲಿಲ್ಲ. ಹೊಲ ಅವರಿಗೆ, ಮನೆ ಅವರಿಗೆ, ಹಬ್ಬಗಳೆಲ್ಲ ಅವರಿಗೆ, ಯಾರಿಗೂ ಬೇಡದ ತಿಂಗಳು ನನಗಾ ಅನ್ನಿಸಿತು. ಅಷ್ಟು ದೊಡ್ಡ ಕಾಗದದಲ್ಲಿ ಅವಳು ತನ್ನ ಆಸೆಯಿಂದ ಕೇಳಿದ ತಿಂಗಳು ಅದೊಂದೇ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಎರಡು ವರ್ಷ ಅವಳ ಲೆಕ್ಕ ತಪ್ಪಲಿಲ್ಲ. ಹೊಲದಲ್ಲಿ ಕಾಂಪೌಂಡು ಎದ್ದಿತು, ದೊಡ್ಡಣ್ಣ ರಸ್ತೆ ಪಕ್ಕಕ್ಕೆ ತಾರಸಿ ಮನೆ ಕಟ್ಟಿದ. ನಡುವಿನ ಅಣ್ಣ ರಾಮನಗರದಲ್ಲಿ ಬಾಡಿಗೆ ಮನೆ ಹಿಡಿದು ಬಿಡದಿ ಕಡೆಯ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗುತ್ತಿದ್ದ. ತಮ್ಮನದು ಕನಕಪುರದಲ್ಲಿ ಅಂಗಡಿ. ಅವ್ವ ಒಂದು ಟ್ರಂಕು, ಎಲೆಅಡಿಕೆ ಚೀಲ ಹಿಡಿದು ಹೇಳಿದ ಅಮಾವಾಸ್ಯೆಯ ಮಾರನೇ ದಿನ ಬಸ್ಸು ಹತ್ತುತ್ತಿದ್ದಳು.

ಮೂರನೇ ವರ್ಷ ಆಷಾಢದಲ್ಲಿ, ದೊಡ್ಡಣ್ಣನ ಮನೆಯಲ್ಲಿದ್ದಾಗ, ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಸೊಟ್ಟಗಾಗಿ ಮಾತು ತೊದಲಿತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಊಟ, ಬಟ್ಟೆ ಎಂದು ಬರೆದಿದ್ದೆವಲ್ಲ, ಎತ್ತಿ ಕೂರಿಸುವುದು, ತೊಳೆಯುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುವುದು ಯಾವ ಸಾಲಿನಲ್ಲೂ ಇರಲಿಲ್ಲ. ಅಷ್ಟನ್ನೂ ದೊಡ್ಡತ್ತಿಗೆ ಒಬ್ಬಳೇ ಮಾಡಿದಳು. ಅವಳನ್ನು ನಾನು ಬೈಯಲಾರೆ. ಅಣ್ಣ ಬಾಗಿಲಲ್ಲಿ ನಿಂತು "ಎಂಗಿದ್ದೀಯವ್ವ" ಎಂದು ಕೇಳಿ ಹೋಗುತ್ತಿದ್ದ. ಅತ್ತಿಗೆ ಭೀಮನ ಅಮಾವಾಸ್ಯೆಯ ದಾರಿ ಕಾಯುತ್ತಿದ್ದಳು.

ಆ ವರ್ಷವೇ ಶ್ರಾವಣ ಅಧಿಕ ಬರಬೇಕೇ! ಮೊದಲು ಅಧಿಕ ಶ್ರಾವಣ, ಅದು ಕಳೆದ ಮೇಲೆ ನಿಜ ಶ್ರಾವಣ. ಬರಗಾಲದಲ್ಲಿ ಅಧಿಕ ಮಾಸ ಎನ್ನುವ ಗಾದೆಯನ್ನು ಬೋರ್ಡಿನ ಮೇಲೆ ಬರೆದು ಎಷ್ಟು ಮಕ್ಕಳಿಗೆ ಅರ್ಥ ಹೇಳಿಕೊಟ್ಟಿದ್ದೆನೋ.

ಅಮಾವಾಸ್ಯೆಯ ಮಾರನೇ ದಿನ ಭಾನುವಾರ. ನಡುವಿನ ಅಣ್ಣ ಫೋನು ಮಾಡಿ, "ಬೇಗ ಬಾರಮ್ಮಿ, ಇಲ್ಲಿ ಬೀದೀಲಿ ಮಾನ ಓಯ್ತಾ ಐತೆ" ಅಂದ. ಬಸ್ಸು ಹಿಡಿದು ರಾಮನಗರಕ್ಕೆ ಹೋದೆ. ಅವನ ಮನೆಯ ಮುಂದೆ ಒಂದು ಲಗೇಜ್ ಆಟೊ ನಿಂತಿತ್ತು. ಹಿಂದೆ, ಮೂಟೆ ಹಾಕುವ ಜಾಗದಲ್ಲಿ, ರಗ್ಗಿನ ಮೇಲೆ ಅವ್ವ ಮಲಗಿದ್ದಳು. ಮುಖಕ್ಕೆ ಬಿಸಿಲು ಬೀಳದಿರಲೆಂದು ಟವೆಲು ಹಾಕಿದ್ದರು. ತಲೆಯ ಹತ್ತಿರ ಅವಳ ಟ್ರಂಕು.

"ಭೀಮನ ಅಮಾಸೆ ಮುಗೀತು, ನಂದು ಮುಗೀತು" ಎಂದು ದೊಡ್ಡಣ್ಣ.

ನಡುವಿನವನು ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದಿದ್ದ. "ನೋಡಣ್ಣ, ಕಣ್ಬುಟ್ ನೋಡು. ಇದು ಅದಿಕ. ನಿಜ ಸ್ರಾವಣ ಬರ್ಲಿ, ನಾನೇ ಬಂದು ಎತ್ಕೊಂಡ್ ಬತ್ತೀನಿ. ಒಂದ್ ರೂಮು, ಮೂರ್ ಮಕ್ಳು, ನನ್ನೆಂಡ್ತಿ ರೇಷ್ಮೆ ನೂಲು ಬಿಚ್ಚಕ್ಕೆ ಓಯ್ತಾಳೆ. ಒಂದ್ ತಿಂಗ್ಳು ಟೈಮ್ ಕೊಡಣ್ಣ."

ತಮ್ಮನಿಗೆ ಫೋನು ಮಾಡಿದರೆ, "ನಂದು ಕಾರ್ತೀಕ ಕಳುದ್ ಮ್ಯಾಲೆ ಅಲ್ವಾ" ಎಂದು ಇಟ್ಟುಬಿಟ್ಟನಂತೆ. ಹೆತ್ತವ್ವ ಹತ್ತು ಮಕ್ಕಳನ್ನು ಸಾಕುತ್ತಾಳೆ, ಹತ್ತು ಮಕ್ಕಳು ಒಬ್ಬ ಅವ್ವನನ್ನು ಸಾಕುವುದಿಲ್ಲ ಎನ್ನುತ್ತಾರಲ್ಲ, ನಾವು ಮೂವರೂ ಅದಕ್ಕೆ ಸಾಕ್ಷಿ ನಿಂತ ಹಾಗೆ ಆ ಬೀದಿಯಲ್ಲಿ ನಿಂತಿದ್ದೆವು. ಎದುರು ಮನೆಯ ಮುಸ್ಲಿಂ ಹೆಂಗಸು, ಅವರದೂ ರೇಷ್ಮೆ ನೂಲಿನ ಕೆಲಸವೇ, ಲೋಟದಲ್ಲಿ ನೀರು ತಂದು ಚಮಚದಲ್ಲಿ ಅವ್ವನ ಬಾಯಿಗೆ ಬಿಟ್ಟಳು. "ಜಗಳ ಆಮೇಲೆ ಆಡ್ಕೊಳ್ಳಿ. ಅಲ್ಲೀಗಂಟ ನಮ್ಮನೇಲಾದ್ರೂ ಮಲಗ್ಸಿ" ಅಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ದೊಡ್ಡಣ್ಣ ಜೇಬಿನಿಂದ ಪಾಲುಪಟ್ಟಿ ತೆಗೆದ. "ನೀನೇ ಬರ್ದಿರೋದು, ನೀನೇ ಓದು. ಏನೈತೋ ಅಂಗೆ ಆಗ್ಲಿ."

ಓದಿದೆ. ಶ್ರಾವಣ ಮಾಸದಿಂದ ಕಾರ್ತಿಕ ಅಮಾವಾಸ್ಯೆಯವರೆಗೆ. ಅಧಿಕದ ಮಾತೇ ಇರಲಿಲ್ಲ. ಇರುವುದಾದರೂ ಹೇಗೆ? ನನ್ನ ದುಂಡು ಅಕ್ಷರದ ಕೊನೆಗೆ ನಾನಿಟ್ಟ ಚುಕ್ಕೆ ಇತ್ತು, ಅದರ ಕೆಳಗೆ ಒಂದು ಸಾಲು ಬರೆಯುವಷ್ಟು ಜಾಗ ಖಾಲಿ ಇತ್ತು.

ನನ್ನ ದನಿ ಕೇಳಿ ಅವ್ವ ಎಡಗೈ ಎತ್ತಿದಳು. ಟವೆಲು ಸರಿಸಿದೆ. ನನ್ನ ಸೆರಗು ಹಿಡಿದುಕೊಂಡಳು. ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು, ಆದರೂ ಬಿಡದೆ ಎರಡು ಮಾತು ಹೊರಗೆ ತಂದಳು.

"ಅದಿಕ... ನಿಂದು."

ಬೇರೆ ಯಾರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು. ಎರಡೇ ಕೋಣೆಯ ನಮ್ಮ ಮನೆ ಕಣ್ಣಿಗೆ ಬಂತು. ಬೆಳಗ್ಗೆ ಒಂಬತ್ತಕ್ಕೆ ಶಾಲೆಗೆ ಹೊರಡಬೇಕು. ಆಸ್ತಿ ತಿಂದವರು ನೋಡಿಕೊಳ್ಳಲಿ ಎನ್ನುವ ಗಂಡನ ಮಾತೂ ಬಂತು. ಅದನ್ನೆಲ್ಲ ಈಗ ನೆಪಕ್ಕೆ ಹೇಳುತ್ತಿಲ್ಲ. ನಿಜವಾಗಿ ನನ್ನನ್ನು ತಡೆದದ್ದು ಆ ಜಗಲಿಯ ಮೇಲಿನ ಉರಿ, ಅಷ್ಟೇ.

"ಏನಂತೆ ಅವ್ವ?" ಎಂದು ದೊಡ್ಡಣ್ಣ ಕೇಳಿದ.

"ಏನೋ ಬಡಬಡಿಸ್ತಾವ್ಳೆ, ಬುಡಣ್ಣ" ಅಂದೆ.

ಅವ್ವ ನನ್ನ ಸೆರಗು ಬಿಟ್ಟಳು. ಬೈದುಕೊಂಡೇ ದೊಡ್ಡಣ್ಣ ಆಟೊ ತಿರುಗಿಸಿದ. ಬಂದ ದಾರಿಯಲ್ಲೇ ಅವಳು ಮರಳವಾಡಿಗೆ ವಾಪಸ್ಸು ಹೋದಳು. ಆಮೇಲೆ ಯಾರ ಜೊತೆಯೂ ಮಾತಾಡಲಿಲ್ಲವಂತೆ. ಅತ್ತಿಗೆ ಟ್ರಂಕು ತೆರೆಯಹೋದರೆ ಎಡಗೈಯಲ್ಲಿ ಬೇಡ ಎನ್ನುತ್ತಿದ್ದಳಂತೆ. ನಿಜ ಶ್ರಾವಣಕ್ಕೆ ಇನ್ನೂ ಹನ್ನೊಂದು ದಿನ ಇರುವಾಗ ತೀರಿಕೊಂಡಳು.

ಮಣ್ಣಿಗೆ ಬಂದ ಹೆಂಗಸರು ನನ್ನ ಬೆನ್ನು ಸವರಿ ಸಮಾಧಾನ ಹೇಳಿದರು. "ಅಳಬ್ಯಾಡ ಕಣವ್ವ, ಲಕ್ವ ಹೊಡೆದ ಮೇಲೆ ಆ ಜೀವಕ್ಕೆ ಏನೂ ತಿಳೀತಿರ್ನಿಲ್ಲ" ಅಂದರು. ನಾನು ಹೂಂ ಎಂದು ತಲೆ ಆಡಿಸಿದೆ. ಅವಳಿಗೆ ಹೋಗಿದ್ದು ಬಾಯಿ, ಕಿವಿ ಕೊನೆಯವರೆಗೂ ಚೆನ್ನಾಗಿ ಕೇಳುತ್ತಿತ್ತು.